ಪಾಲಕರ ಸಹಿ

ಮುಂಬಯಿಗೆ ಬಂದು ನಲವತ್ತು ವರ್ಷಗಳ ಮೇಲಾಯಿತು. ಬ್ಯಾಂಕಿನ ನೌಕರಿಯೆಂದ ಮೇಲೆ ಸಹಿ ಹಾಕುವುದೇ ಕಸುಬು. ಹಾಕಿದ ಸಹಿಗಳ ಲೆಕ್ಕ ಇಟ್ಟವರಾರು? ನಿವೃತ್ತನಾದ ಮೇಲೆ ಅವೆಲ್ಲ ಮರೆತುಹೋದವು. ಒಂದು ಸಹಿ ಮಾತ್ರ ಈಚಿನ ಕೆಲವು ವರ್ಷಗಳಿಂದ ಕಾಡುತ್ತಿದೆ. ಅದು ಬ್ಯಾಂಕಿನ ಕಾಗದದ ಮೇಲಿನದಲ್ಲ.

1985ರ ಜುಲೈ ತಿಂಗಳು. ಹೊರಗೆ ಮುಂಬಯಿಯ ಮಳೆ. ಉಪನಗರದ ಒಂದು ನರ್ಸಿಂಗ್ ಹೋಮಿನ ವರಾಂಡದಲ್ಲಿ, ಮರದ ಬೆಂಚಿನ ಮೇಲೆ ನಾನೂ ಊರಿನಿಂದ ಬಂದಿದ್ದ ನನ್ನ ತಾಯಿಯೂ ಕುಳಿತಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಆದರೆ ನನ್ನಾಕೆಯ ತಾಯಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಗದಗಿನ ಮನೆಯಲ್ಲಿ ಬಾಣಂತನ ಮಾಡುವವರಿಲ್ಲ, ಮುಂಬಯಿಯಲ್ಲೇ ಆಗಲಿ ಎಂದು ಎರಡೂ ಮನೆಯ ಹಿರಿಯರು ತೀರ್ಮಾನಿಸಿದರು. ರಾತ್ರಿಯೆಲ್ಲ ಆಕೆ ಬೇನೆ ತಿಂದಳು. ಬೆಳಗಿನ ಜಾವ ಡಾಕ್ಟರರು ಹೊರಗೆ ಬಂದು, ಕೂಸಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಮಾಡುವುದು ಒಳ್ಳೆಯದು ಎಂದು ಹಿಂದಿಯಲ್ಲಿ ಹೇಳಿದರು. ಮೊದಲು ಕಿಟಕಿಯಲ್ಲಿ ಮುಂಗಡ ಹಣ ಕಟ್ಟಿ ರಸೀದಿ ತರಬೇಕೆಂದರು, ತಂದೆ. ಆಮೇಲೆ ಒಂದು ಅಚ್ಚಾದ ಕಾಗದ ಮುಂದೆ ಬಂತು. ಪೆನ್ನು ಸಿಗಲಿಲ್ಲ, ಕಾಂಪೌಂಡರನನ್ನು ಹುಡುಕಿ ಇಸಿದುಕೊಂಡೆ. "ಪತಿ ಅಥವಾ ಪಾಲಕರ ಸಹಿ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದ ಗೆರೆಯ ಮೇಲೆ ಸಹಿ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಕ್ಷೇಮ. ನಾನು ಪೇಢೆ ಹಂಚಿದೆ.

ಇದರಲ್ಲಿ ತಪ್ಪೇನಾಯಿತು ಎಂದು ಯಾರಾದರೂ ಕೇಳಬಹುದು. ಮೂವತ್ತು ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಡಾಕ್ಟರರು ಒಳ್ಳೆಯವರು, ನಿರ್ಣಯ ಸರಿಯಾದದ್ದು, ಫಲ ಶುಭ. ಬಿಟ್ಟುಹೋದ ಸಂಗತಿ ಒಂದೇ. ಹಸಿರು ಪರದೆಯ ಆಚೆ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಪೂರ್ಣ ಎಚ್ಚರದಲ್ಲಿ ನನ್ನಾಕೆ ಇದ್ದಳು. ಕೊಯ್ಯಲಿದ್ದುದು ಆಕೆಯ ಹೊಟ್ಟೆ. ಆಕೆಯನ್ನು ಯಾರೂ ಕೇಳಲಿಲ್ಲ. ಆಪರೇಷನ್ ಎಂಬುದು ಆಕೆಗೆ ಗೊತ್ತಾದದ್ದು ಗಾಲಿಮಂಚ ಉರುಳತೊಡಗಿದ ಮೇಲೆ.

ಹಣ ಕಟ್ಟಲು ಹೊತ್ತಿತ್ತು, ಪೆನ್ನು ಹುಡುಕಲು ಹೊತ್ತಿತ್ತು. ಕೇಳಲು ಮಾತ್ರ ಹೊತ್ತಿರಲಿಲ್ಲ.

ಇದು ಮನೆಯಲ್ಲಿ ಮಾತಿಗೆ ಬಂದದ್ದು 2016ರಲ್ಲಿ, ಅದೇ ಮಗಳು ಪುಣೆಯಲ್ಲಿ ತುಂಬಿದ ಬಸುರಿಯಾಗಿದ್ದಾಗ. ಕೂಸು ತಿರುಗಿರಲಿಲ್ಲ, ತಲೆ ಮೇಲೆ, ಕಾಲು ಕೆಳಗೆ. ಅಲ್ಲಿಯ ಡಾಕ್ಟರರು ಆಕೆಯನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಹೊಟ್ಟೆಯ ಮೇಲಿನಿಂದ ಕೈಯೊತ್ತಿ ಕೂಸನ್ನು ತಿರುಗಿಸಲು ನೋಡಬಹುದು, ಹೆಚ್ಚುಕಡಿಮೆ ಅರ್ಧದಷ್ಟು ಸಲ ಫಲಿಸುತ್ತದೆ. ಇಲ್ಲವೆ ನೇರವಾಗಿ ಆಪರೇಷನ್ನಿಗೆ ದಿನ ಗೊತ್ತು ಮಾಡಬಹುದು. ಎರಡರಲ್ಲಿಯೂ ಇಂಥಿಂಥ ತೊಂದರೆಗಳುಂಟು. ಮಗಳು ಎರಡು ದಿನ ಯೋಚಿಸಿ, ತಿರುಗಿಸುವುದು ಬೇಡ, ಆಪರೇಷನ್ ಆಗಲಿ ಎಂದಳು. ನನ್ನಾಕೆಗೆ ಇದು ಸರಿಬರಲಿಲ್ಲ. ಪ್ರಯತ್ನವನ್ನೇ ಮಾಡದೆ ಚಾಕುವಿಗೆ ಒಪ್ಪುವುದೆ? ಹಬ್ಬಕ್ಕೆ ಬಂದ ಮಗಳನ್ನು ಅಡಿಗೆಮನೆಯಲ್ಲಿ ಎದುರು ನಿಲ್ಲಿಸಿಕೊಂಡು ಬೈಯತೊಡಗಿದಳು. ನಾನೂ ಪೇಪರಿನ ಮರೆಯಿಂದ ಒಂದೆರಡು ಮಾತು ಸೇರಿಸಿದೆ. ಮಗಳು ಸಿಟ್ಟಾಗಲಿಲ್ಲ. "ಅವ್ವಾ, ನನ್ನ ಹೊತ್ತಿನಾಗ ನಿನ್ನ ಕೇಳಿ ಆಪರೇಷನ್ ಮಾಡಿದ್ರೇನು?" ಎಂದಳು.

ಒಗ್ಗರಣೆಯ ಸೌಟು ಹಾಗೆಯೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ನನ್ನಾಕೆ, ಮಗಳಿಗಲ್ಲ, ನನಗೆ ಹೇಳಿದಳು: "ನಿಮ್ಮನ್ನಷ್ಟ ಕೇಳಿದ್ರು. ನನ್ನ ಯಾರೂ ಕೇಳ್ಲಿಲ್ಲ." ನಾನು ತಬ್ಬಿಬ್ಬಾಗಿ, ಕೇಳಿದ್ದರೆ ಬೇಡ ಅಂತಿದ್ದೆಯೇನು ಎಂದೆ. "ಯಾಕ ಬ್ಯಾಡ ಅಂತಿದ್ದೆ? ಹೂಂ ಅಂತಿದ್ದೆ. ಆದ್ರ ನಾ ಅಂದಂಗ ಆಗ್ತಿತ್ತು."

ನಾನು ತತ್ತ್ವಶಾಸ್ತ್ರ ಓದಿದವನಲ್ಲ. ಆದರೆ ಅಂದಿನಿಂದ ಈ ಮಾತನ್ನು ಹಿಡಿದು ಯೋಚಿಸುತ್ತಿದ್ದೇನೆ. ಕೇಳಿದ್ದರೂ ಉತ್ತರ ಅದೇ, ಕೇಳದಿದ್ದರೂ ಆದದ್ದು ಅದೇ. ಹಾಗಾದರೆ ಕೇಳುವುದರಿಂದ ಹೆಚ್ಚಿಗೆ ಬರುವುದೇನು? ಫಲವನ್ನು ಮಾತ್ರ ತೂಗುವ ತಕ್ಕಡಿಯಲ್ಲಿ ಏನೂ ಇಲ್ಲ. ಆದರೆ ಒಬ್ಬರು ತಮ್ಮ ಮನೆಯ ಬಾಗಿಲು ತೆರೆದು ಅತಿಥಿಯನ್ನು ಒಳಗೆ ಕರೆಯುವುದಕ್ಕೂ, ಅದೇ ಅತಿಥಿ ಬಾಗಿಲು ದೂಡಿಕೊಂಡು ಒಳಗೆ ಬರುವುದಕ್ಕೂ ವ್ಯತ್ಯಾಸವಿಲ್ಲವೆ? ಬಂದವನು ಅದೇ ಮನುಷ್ಯ, ಕುಡಿದದ್ದು ಅದೇ ಚಹಾ. ಮನೆ ಮಾತ್ರ ಯಾರದೆಂಬುದು ಬದಲಾಯಿತು.

ಇಲ್ಲಿ ನಮ್ಮಂಥ ಹೊರನಾಡಿಗರಿಗೆ ಮಾತ್ರ ಹೊಳೆಯಬಹುದಾದ ಒಂದು ಅಂಶವಿದೆ. ನನ್ನಾಕೆ ಆಗ ಮುಂಬಯಿಗೆ ಬಂದು ಒಂದೂವರೆ ವರ್ಷವಷ್ಟೇ ಆಗಿತ್ತು. ತರಕಾರಿ ಕೊಳ್ಳುವಷ್ಟು ಹಿಂದಿ, ನೆರೆಮನೆಯವರೊಡನೆ ನಗುವಷ್ಟು ಮರಾಠಿ. ಡಾಕ್ಟರರು ಗುಜರಾತಿ, ನರ್ಸ್ ಕೇರಳದವಳು. ತಿಂಗಳ ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರರು ಮೊದಮೊದಲು ಆಕೆಯನ್ನೇ ಕೇಳುತ್ತಿದ್ದರು, ಆಕೆ ನನ್ನ ಮುಖ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ. ಮೂರನೆಯ ತಿಂಗಳ ಹೊತ್ತಿಗೆ ಡಾಕ್ಟರರು ನೇರವಾಗಿ ನನ್ನನ್ನೇ ಕೇಳತೊಡಗಿದರು. ಐದನೆಯ ತಿಂಗಳಲ್ಲಿ ನಾನು ಆಕೆಯ ಕಡೆಗೆ ತಿರುಗದೆಯೇ ಉತ್ತರ ಕೊಡುತ್ತಿದ್ದೆ. ನಿದ್ದೆ ಬರುತ್ತದೆಯೆ? ಬರುತ್ತದೆ. ಕಾಲು ಊದುತ್ತವೆಯೆ? ಇಲ್ಲ. ಊದುತ್ತಿದ್ದವಂತೆ, ಆಮೇಲೆ ಗೊತ್ತಾಯಿತು. ದುಭಾಷಿಯಾಗಿ ಒಳಗೆ ಹೋದವನು ಯಜಮಾನನಾಗಿ ಹೊರಗೆ ಬಂದೆ. ಇದು ಯಾವ ದುರುದ್ದೇಶದಿಂದಲೂ ಆದದ್ದಲ್ಲ. ಮಾತು ಬಾರದವಳಿಗೆ ಮಾತಾಗುವ ಪ್ರೀತಿಯೇ, ಬರಬರುತ್ತ ಆಕೆಯ ಬಾಯಿಯ ಮೇಲಿಟ್ಟ ಕೈಯಾಗಿಬಿಡುತ್ತದೆ. ದಿಲ್ಲಿಯಲ್ಲಿ, ಹೈದರಾಬಾದಿನಲ್ಲಿ, ಚೆನ್ನೈಯಲ್ಲಿ ಇಂದಿಗೂ ಊರಿನಿಂದ ಹೊಸದಾಗಿ ಬಂದ ಎಷ್ಟೋ ಹೆಣ್ಣುಮಕ್ಕಳು ಇದೇ ರೀತಿ ಗಂಡನ ಬಾಯಿಂದ ತಮ್ಮ ಹೊಟ್ಟೆಯ ವರ್ತಮಾನ ಹೇಳಿಸುತ್ತಿರಬಹುದು. ಬೇನೆಗೆ ಅನ್ಯಭಾಷೆ ಬರುವುದಿಲ್ಲ.

ಪ್ರಸವವೇದನೆಯಲ್ಲಿರುವವಳು ಯೋಚಿಸಬಲ್ಲಳೆ, ಆ ಹೊತ್ತಿನಲ್ಲಿ ಆಕೆಯನ್ನು ಕೇಳಿ ಪ್ರಯೋಜನವೇನು ಎಂಬ ಆಕ್ಷೇಪಣೆಯಿದೆ. ನನಗೂ ಇದು ದೊಡ್ಡದಾಗಿ ಕಂಡಿತ್ತು. ಆಮೇಲೆ ನೆನಪಾಯಿತು: ಆ ರಾತ್ರಿ ಹನ್ನೊಂದು ಗಂಟೆಗೆ, ಎರಡು ಬೇನೆಗಳ ನಡುವೆ ಆಕೆ ನನ್ನನ್ನು ಕರೆಸಿ, ಆರೇ ಹಾಲಿನ ಕಾರ್ಡು ದೇವರ ಮಾಡದ ಮೇಲಿದೆ, ಬೆಳಿಗ್ಗೆ ಅತ್ತೆಯವರಿಗೆ ಚಹಾ ಇಲ್ಲದಂತಾಗಬಾರದು ಎಂದಿದ್ದಳು. ಅತ್ತೆಯ ಚಹಾವನ್ನು ಯೋಚಿಸಬಲ್ಲವಳು ತನ್ನ ಹೊಟ್ಟೆಯನ್ನು ಯೋಚಿಸಲಾರಳೆ? ನೋವು ಮನುಷ್ಯನನ್ನು ಮೈನರ್ ಮಾಡುವುದಿಲ್ಲ. ನೋವಿನಲ್ಲಿ ತೀರ್ಮಾನ ಕಷ್ಟವೆಂಬುದು ನಿಜ. ಅದಕ್ಕಾಗಿಯೇ ಅಲ್ಲವೆ ಪ್ರಕೃತಿ ಒಂಬತ್ತು ತಿಂಗಳ ಕಾಲಾವಕಾಶ ಕೊಟ್ಟಿರುವುದು? ಮೊದಲೇ ಹೇಳಿ, ಮೊದಲೇ ಕೇಳಿಟ್ಟರೆ ಕೊನೆಯ ಗಳಿಗೆಯಲ್ಲಿ ಒಂದು ವಾಕ್ಯ ಸಾಕು.

ಅವಳಿಗೇನು ಗೊತ್ತು ಎಂಬುದು ಇನ್ನೊಂದು ಮಾತು. ಇದಕ್ಕೆ ಉತ್ತರ ವಿಯೆನ್ನಾ ನಗರದ ಹಳೆಯ ಕಥೆಯೊಂದರಲ್ಲಿದೆ. 1840ರ ದಶಕದಲ್ಲಿ ಅಲ್ಲಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಮೊದಲನೆಯದು ವೈದ್ಯ ವಿದ್ಯಾರ್ಥಿಗಳದು, ಎರಡನೆಯದು ಸೂಲಗಿತ್ತಿಯರ ತರಬೇತಿಯದು. ದಿನ ಬಿಟ್ಟು ದಿನ ಒಂದೊಂದಕ್ಕೆ ಭರ್ತಿ. ಬಡ ಬಸುರಿಯರು ತಮ್ಮ ಸರದಿ ಮೊದಲನೆಯ ವಿಭಾಗಕ್ಕೆಂದು ತಿಳಿದರೆ ಮೊಣಕಾಲೂರಿ, ಕೈಮುಗಿದು, ಅಲ್ಲಿಗೆ ಬೇಡವೆಂದು ಬೇಡಿಕೊಳ್ಳುತ್ತಿದ್ದರು. ಕೆಲವರು ಆಸ್ಪತ್ರೆಗಿಂತ ಬೀದಿಯಲ್ಲಿ ಹೆರುವುದೇ ಲೇಸೆಂದು ಅಲ್ಲಿಯೇ ಹೆತ್ತರು. ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು, ಎರಡನೆಯದರಲ್ಲಿ ನಾಲ್ಕು. ಪಂಡಿತರು ಗಾಳಿಯನ್ನು ದೂರಿದರು. ಆ ಹೆಂಗಸರ ಭಯವೇ ಜ್ವರಕ್ಕೆ ಕಾರಣವೆಂಬ ವಾದವೂ ಇತ್ತು. ಸಾಯುವವರಿಗೆ ಕೊನೆಯ ಸಂಸ್ಕಾರ ಕೊಡಲು ಪಾದ್ರಿ ಗಂಟೆ ಬಾರಿಸುತ್ತ ಆ ವಿಭಾಗದ ಮೂಲಕ ಹಾದುಹೋಗುತ್ತಾನೆ, ಅದನ್ನು ಕೇಳಿ ಇವರು ಹೆದರುತ್ತಾರೆ ಎಂಬ ತರ್ಕ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಪಾದ್ರಿಯ ದಾರಿಯನ್ನು ಬದಲಿಸಿ ನೋಡಿದ. ಗಂಟೆ ನಿಂತಿತು, ಸಾವು ನಿಲ್ಲಲಿಲ್ಲ. ಕೊನೆಗೆ ಆತ ಕಂಡುಕೊಂಡದ್ದು, ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರೆಂಬುದನ್ನು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದ. ಸಾವು ಸರ್ರನೆ ಇಳಿಯಿತು. ಚರಿತ್ರೆ ಆತನನ್ನು ಸ್ಮರಿಸುತ್ತದೆ, ಸರಿಯೇ. ಆದರೆ ಮೊದಲನೆಯ ವಿಭಾಗ ಸಾವಿನ ಮನೆಯೆಂದು ಮೊದಲೇ ಅರಿತು ಬೇಡಿಕೊಂಡವರು ಆ ಅನಾಮಿಕ ಹೆಂಗಸರಲ್ಲವೆ? ಅವರಿಗೆ ಕಾರಣ ತಿಳಿದಿರಲಿಲ್ಲ, ಸಂಗತಿ ತಿಳಿದಿತ್ತು. ತಿಳಿವಳಿಕೆಯನ್ನು ಭಯವೆಂದು ಕರೆದು ಪಕ್ಕಕ್ಕಿಟ್ಟರು.

ಇದಕ್ಕಿಂತಲೂ ಸೂಕ್ಷ್ಮವಾದ ಅನ್ಯಾಯವೊಂದಿದೆ. ಕೇಳುವುದೇನೋ ಸರಿ, ಆದರೆ ಹೇಳದೆ ಕೇಳುವುದು. 1999ರಲ್ಲಿ ಸ್ಕಾಟ್ಲೆಂಡಿನಲ್ಲಿ ನದೀನ್ ಮಾಂಟ್ಗೊಮರಿ ಎಂಬ ಮಹಿಳೆ ಗರ್ಭಿಣಿ. ಗಿಡ್ಡ ದೇಹ, ಇನ್ಸುಲಿನ್ ಬೇಕಾಗುವಂಥ ಸಕ್ಕರೆ ರೋಗ. ಅಂಥವರ ಕೂಸುಗಳು ದೊಡ್ಡವಾಗಿ, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಬೀಳುವ ಸಂಭವ ನೂರಕ್ಕೆ ಒಂಬತ್ತು ಹತ್ತರಷ್ಟಿದೆಯೆಂದು ವೈದ್ಯಶಾಸ್ತ್ರಕ್ಕೆ ಗೊತ್ತು. ಕೂಸು ದೊಡ್ಡದಾಯಿತೇನೋ ಎಂದು ಆಕೆ ಮತ್ತೆ ಮತ್ತೆ ಆತಂಕ ತೋಡಿಕೊಂಡಳು. ವೈದ್ಯೆ ಆ ಅಪಾಯದ ಮಾತನ್ನು ಎತ್ತಲಿಲ್ಲ. ಏಕೆಂದರೆ, ಆಕೆಯೇ ನ್ಯಾಯಾಲಯದಲ್ಲಿ ತಿಳಿಸಿದಂತೆ, ಹೇಳಿದರೆ ಹೆಚ್ಚಿನವರು ಸಿಸೇರಿಯನ್ ಕೇಳಿಬಿಡುತ್ತಾರೆ, ಅದು ತಾಯಂದಿರ ಹಿತಕ್ಕೆ ಒಳ್ಳೆಯದಲ್ಲ. ಹೆರಿಗೆಯಲ್ಲಿ ಭುಜ ಸಿಕ್ಕಿತು. ತಲೆ ಹೊರಬಂದು ಹನ್ನೆರಡು ನಿಮಿಷಗಳ ಮೇಲೆ ಕೂಸು ಹೊರಬಂತು, ಅಷ್ಟರಲ್ಲಿ ಪ್ರಾಣವಾಯುವಿಲ್ಲದೆ ಮೆದುಳಿಗೆ ಪೆಟ್ಟಾಗಿತ್ತು. ಕೆಳಗಿನ ನ್ಯಾಯಾಲಯಗಳಲ್ಲಿ ಸೋತ ಆ ತಾಯಿ 2015ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದಳು. ಯಾವ ಅಪಾಯವನ್ನು ಹೇಳಬೇಕೆಂಬುದನ್ನು ವೈದ್ಯರ ರೂಢಿ ನಿರ್ಣಯಿಸಬಾರದು, ರೋಗಿಯ ಜಾಗದಲ್ಲಿರುವ ವಿವೇಕಿಯೊಬ್ಬರಿಗೆ ಯಾವುದು ಮುಖ್ಯವೆನಿಸುತ್ತದೋ ಅದನ್ನು ಹೇಳಲೇಬೇಕು ಎಂದು ನ್ಯಾಯಪೀಠ ತೀರ್ಪಿತ್ತಿತು.

ಆ ವೈದ್ಯೆಯನ್ನು ದುಷ್ಟೆಯೆಂದು ನನಗೆ ಅನ್ನಿಸುವುದಿಲ್ಲ. ವಿನಾಕಾರಣ ಹೊಟ್ಟೆ ಕೊಯ್ಯಬಾರದೆಂಬುದು ಆಕೆಯ ನಂಬಿಕೆ, ಒಳ್ಳೆಯ ನಂಬಿಕೆಯೇ. ನಮ್ಮ ದೇಶದಲ್ಲಿ ಕಾಯಿಲೆ ಇದಕ್ಕೆ ತಿರುವುಮುರುವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹೆರಿಗೆಗಳಲ್ಲಿ ನೂರಕ್ಕೆ 21.5 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿಯವುಗಳಲ್ಲಿ 47.4. ಹೆಣ್ಣಿನ ದೇಹ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದೊಡನೆ ಬದಲಾಗುವುದಿಲ್ಲವಷ್ಟೆ. ಜೊತೆಗೆ ಮುಹೂರ್ತ ನೋಡಿಸಿ, ಇಂಥ ನಕ್ಷತ್ರದ ಇಂಥ ಗಳಿಗೆಗೆ ಕೂಸು ಹೊರಬರಬೇಕೆಂದು ಡಾಕ್ಟರರಿಗೆ ಚೀಟಿ ಕೊಡುವ ಮನೆಗಳನ್ನೂ ನಾನು ಬಲ್ಲೆ; ಆ ಚೀಟಿಯನ್ನು ಬರೆದವರು ಮಾವನವರು, ಓದಿದವರು ಡಾಕ್ಟರರು, ಮೈ ಕೊಟ್ಟವಳು ಸೊಸೆ. ಅಲ್ಲಿ ಕೊಯ್ಯಬಾರದೆಂದು ಹೇಳದೆ ಉಳಿದರು, ಇಲ್ಲಿ ಕೊಯ್ಯಬೇಕೆಂದು ಹೇಳದೆ ಉಳಿಯುತ್ತಾರೆ. ಎರಡೂ ಕಡೆ ಹೇಳಿಸಿಕೊಳ್ಳದೆ ಉಳಿದವಳು ಒಬ್ಬಳೇ.

ಹಳೆಯ ಕಾಲವೇ ಚೆನ್ನಾಗಿತ್ತು, ಮನೆಯಲ್ಲಿ ಸೂಲಗಿತ್ತಿ ಬರುತ್ತಿದ್ದಳು, ಹೆಂಗಸರ ನಡುವೆ ಹೆಂಗಸು ಹೆರುತ್ತಿದ್ದಳು ಎಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮೇಲ್ಪಟ್ಟ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈಗಳಿಗೆ ನಮಸ್ಕಾರ. ಕುಬಸ ಮಾಡಿ ಮಗಳನ್ನು ತವರಿಗೆ ಕರೆತರುವುದರಲ್ಲಿಯೂ ನಮ್ಮ ಹಿರಿಯರ ಒಂದು ವಿವೇಕವಿತ್ತು: ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಅಳಲಾರದವಳು ಅವ್ವನ ಮನೆಯಲ್ಲಿ ಚೀರಬಹುದು, ಬೇಡವೆನ್ನಬಹುದು. ಆದರೆ ಬಾಣಂತಿ ಸಾವು ಎಷ್ಟು ಮನೆಗಳಲ್ಲಿತ್ತೆಂಬುದನ್ನು ಮರೆಯಬಾರದು. 1990ರ ದಶಕದ ಕೊನೆಯಲ್ಲಿಯೂ ಲಕ್ಷ ಹೆರಿಗೆಗೆ ಸುಮಾರು ನಾನೂರು ತಾಯಂದಿರು ಸಾಯುತ್ತಿದ್ದರು; 2018–20ರ ಹೊತ್ತಿಗೆ ಅದು 97ಕ್ಕೆ ಇಳಿಯಿತು. 2005–06ರಲ್ಲಿ ನೂರಕ್ಕೆ 39ರಷ್ಟಿದ್ದ ಆಸ್ಪತ್ರೆಯ ಹೆರಿಗೆ 2019–21ರಲ್ಲಿ 88ನ್ನು ದಾಟಿತು. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಹಾಗೆಂದು ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿಯ ಜೊತೆಗೆ ನಾಲಿಗೆಯನ್ನೂ ಕಳಚಿಡಬೇಕೆಂದು ಎಲ್ಲಿದೆ? ವಿಶ್ವ ಆರೋಗ್ಯ ಸಂಸ್ಥೆಯೇ 2018ರ ತನ್ನ ಶಿಫಾರಸುಗಳಲ್ಲಿ, ಹೆರುವವಳಿಗೆ ಬೇಕಾದವರೊಬ್ಬರು ಆಕೆಯ ಪಕ್ಕದಲ್ಲಿರಲಿ, ಮಲಗುವ ಕೂರುವ ಭಂಗಿ ಆಕೆಯ ಇಷ್ಟದ್ದಾಗಲಿ, ಆಕೆಗೆ ತಿಳಿಯುವಂತೆ ಮಾತನಾಡಲಿ ಎಂದು ಹೇಳಿದೆ.

ಕಾನೂನು ಏನೆನ್ನುತ್ತದೆ? ದಿಲ್ಲಿಯ ಒಂದು ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಇದನ್ನು ಬಗೆಹರಿಸಿತು. ಹೆರಿಗೆಯ ಪ್ರಕರಣವಲ್ಲ; ತಪಾಸಣೆಗೆಂದು ಅರಿವಳಿಕೆ ತೆಗೆದುಕೊಂಡಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದರು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ವಯಸ್ಸಿಗೆ ಬಂದವಳ ಒಪ್ಪಿಗೆಯನ್ನು ಹೆತ್ತ ತಾಯಿಯೂ ಕೊಡಲಾಗದೆಂದಿತು ನ್ಯಾಯಾಲಯ. ಹೆತ್ತ ತಾಯಿಗೇ ಇಲ್ಲದ ಅಧಿಕಾರ ಗಂಡನಿಗೆಲ್ಲಿಂದ ಬರಬೇಕು? ಪಾಲಕ ಎಂಬ ಆ ಗೆರೆಯ ಮೇಲೆ ನಾನು ಯಾವ ಅರ್ಹತೆಯಿಂದ ಸಹಿ ಹಾಕಿದೆ?

ಇನ್ನುಳಿದದ್ದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಅವಳದೊಂದೇ ಜೀವವಲ್ಲ, ಒಳಗೊಂದು ಜೀವವಿದೆಯಲ್ಲ? ತಾಯಿ ಬೇಡವೆಂದು, ಕೂಸು ಹೋದರೆ? ಇಂಥ ಪ್ರಸಂಗ ಬಲು ಅಪರೂಪ. ನೂರರಲ್ಲಿ ತೊಂಬತ್ತೊಂಬತ್ತು ತಾಯಂದಿರು ಕೂಸಿಗಾಗಿ ತಮ್ಮನ್ನು ಕೊಯ್ಯಿರಿ ಎಂದೇ ಹೇಳುವವರು. ಆ ತಾಯಿಯ ಮೇಲೆ ಸಂಶಯಪಟ್ಟು ಮಿಕ್ಕವರೆಲ್ಲ ಕೂಸಿನ ವಕೀಲರಾಗಿ ನಿಲ್ಲುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಆದರೂ ಆ ನೂರನೆಯವಳು ಬಂದರೆ? ಕೊನೆಯ ನಿಮಿಷದವರೆಗೆ ತಿಳಿಹೇಳಬೇಕು, ಬೇಡಿಕೊಳ್ಳಬೇಕು, ಅವಳ ನಂಬಿಕೆಯವರನ್ನು ಕರೆಸಿ ಹೇಳಿಸಬೇಕು, ಏಕೆ ಬೇಡವೆನ್ನುತ್ತಾಳೆಂದು ಕೇಳಬೇಕು. ಎಷ್ಟೋ ಸಲ ಆ ಬೇಡದ ಹಿಂದೆ ಹಣದ ಚಿಂತೆಯೋ ಹಿಂದಿನ ಹೆರಿಗೆಯ ಗಾಯವೋ ಇದ್ದೀತು. ಆಮೇಲೆಯೂ ಬೇಡವೆಂದರೆ, ಎಚ್ಚರವಿರುವ ಹೆಂಗಸನ್ನು ಹಿಡಿದು ಕಟ್ಟಿ ಕೊಯ್ಯುವ ಹಕ್ಕು ಯಾರಿಗೂ ಇಲ್ಲವೆಂದು ನನ್ನ ಅಭಿಪ್ರಾಯ. ಇದನ್ನು ಬರೆಯುವಾಗ ಕೈ ನಡುಗುತ್ತದೆ. ಒಪ್ಪದ ಓದುಗರನ್ನು ನಾನು ತಪ್ಪೆನ್ನಲಾರೆ.

ಮಗಳ ವಿಷಯಕ್ಕೆ ಬರುತ್ತೇನೆ. ಆಕೆ ಆರಿಸಿಕೊಂಡದ್ದೇ ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಕೂಸನ್ನು ತಿರುಗಿಸಿ ನೋಡಬಹುದಿತ್ತು. ಒಪ್ಪುವಂಥ ಆಯ್ಕೆಯನ್ನು ಗೌರವಿಸುವುದರಲ್ಲಿ ಹೆಚ್ಚುಗಾರಿಕೆಯೇನಿದೆ? ಅದು ನಮ್ಮನ್ನೇ ನಾವು ಗೌರವಿಸಿಕೊಂಡಂತೆ. ಅಡಿಗೆಮನೆಯ ಆ ಮಾತುಕತೆಯ ನಂತರ ನಾವಿಬ್ಬರೂ ಬಾಯಿ ಮುಚ್ಚಿಕೊಂಡೆವು. ಬಾಯಿ ಮುಚ್ಚಿಕೊಳ್ಳುವುದು ನನಗೆ ಸುಲಭವಾಯಿತು. ನನ್ನಾಕೆಗೆ ಬಹಳ ಕಷ್ಟವಾಯಿತು. ತನ್ನನ್ನು ಕೇಳಲಿಲ್ಲವೆಂದು ಮೂವತ್ತು ವರ್ಷ ಒಳಗೆ ಇಟ್ಟುಕೊಂಡವಳೇ ಮಗಳನ್ನು ಕೇಳದೆ ಕಷಾಯದ ಸಾಮಾನು, ಬಜೆ, ಸಾಂಬ್ರಾಣಿ, ನಲವತ್ತು ದಿನದ ಎಣ್ಣೆನೀರಿನ ಲೆಕ್ಕ ಎಲ್ಲವನ್ನೂ ಸಿದ್ಧಮಾಡಿ ಇಟ್ಟಿದ್ದಳು. ಹೆರಿಗೆಗೆ ಹತ್ತು ದಿನ ಇರುವಾಗ ಒಂದು ಸಂಜೆ ಫೋನು ಹಿಡಿದು, ಬಹಳ ಹೊತ್ತು ಅದನ್ನೂ ಇದನ್ನೂ ಮಾತಾಡಿ, ಕೊನೆಗೆ ಕೇಳಿದಳು: "ಬಾಣಂತನಕ್ಕ ನಾ ಅಲ್ಲಿಗೆ ಬರ್ಲೇನು, ಇಲ್ಲಾ ನೀ ಇಲ್ಲಿಗೆ ಬರ್ತಿಯೇನು? ಇಲ್ಲಾ ಯಾರೂ ಬ್ಯಾಡೇನು?"

ಆ ಕಡೆಯಿಂದ ಮಗಳು ಹೇಳಿದ್ದು ನನಗೂ ಕೇಳಿಸಿತು. "ನೀನ ಬಾರವ್ವಾ. ಆದ್ರ ಕಿವ್ಯಾಗ ಹತ್ತಿ ಮಾತ್ರ ನಾ ಇಟಗೊಳ್ಳಂಗಿಲ್ಲ ನೋಡು."

ಆಗಲಿ ಎಂದಳು ನನ್ನಾಕೆ. ಪುಣೆಗೆ ಹೊರಡುವ ದಿನ ಚೀಲ ಕಟ್ಟಿದವನು ನಾನು. ಕಷಾಯದ ಡಬ್ಬಿಯ ಕೆಳಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹತ್ತಿಯ ಒಂದು ಸುರುಳಿ ಇತ್ತು.